ಎಲೆಕ್ಷನ್ ಆಯ್ತು, ಅನುಪಾಲನಾ ವರದಿ ಎಲ್ಲಿ ಸಾರ್?

ಏಳನೇ ಕ್ಲಾಸಿನಲ್ಲಿ ನಾನು ಆರೋಗ್ಯ ಮಂತ್ರಿಯಾಗಿದ್ದೆ. ಸುಮ್ನೆ ಹೇಳುತ್ತಿಲ್ಲ, ಪ್ರಮಾಣವಚನವೂ ಆಗಿತ್ತು. ಪ್ರಾರ್ಥನೆ ಮುಗಿದ ಮೇಲೆ ಧ್ವಜಕಟ್ಟೆಯ ಪಕ್ಕ ನಿಂತು, ಬಲಗೈ ಮುಂದೆ ಚಾಚಿ, ಹೆಡ್‌ಮಾಸ್ಟ್ರು ಹೇಳಿದ್ದನ್ನೆಲ್ಲ ಹಿಂದಿನಿಂದ ಹೇಳಿದ್ದೆ. ಖಾತೆಯ ಕೆಲಸ ಎರಡೇ. ಸೋಮವಾರ ಬೆಳಿಗ್ಗೆ ಎಲ್ಲರ ಉಗುರು ನೋಡುವುದು, ಉದ್ದ ಬಿಟ್ಟವರ ಹೆಸರು ಬರೆದು ಮೇಷ್ಟ್ರಿಗೆ ಕೊಡುವುದು. ಅವತ್ತಿನಿಂದ ಕ್ಲಾಸಿನ ಅರ್ಧ ಜನ ನನ್ನ ಜೊತೆ ಮಾತು ಬಿಟ್ಟರು.

ಒಂದೇ ಒಂದು ಸಲ ನಿಜವಾದ ಮಂತ್ರಿಯ ಕೆಲಸ ಮಾಡಿದೆ. ಶಾಲಾ ಸಂಸತ್ತಿನ ಸಭೆಯಲ್ಲಿ ಎದ್ದು ನಿಂತು, ಹುಡುಗಿಯರ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂದೆ. 'ಆಯ್ತು, ನೋಡೋಣ, ಕೂತ್ಕೋ' ಅಂದರು. ನಡಾವಳಿ ಪುಸ್ತಕದಲ್ಲಿ 'ಶೌಚಾಲಯದ ನೀರಿನ ಬಗ್ಗೆ ಚರ್ಚಿಸಲಾಯಿತು' ಎಂದು ಬರೆದರು, ನಾನೂ ಸಹಿ ಹಾಕಿದೆ. ನಾಲ್ಕು ವರ್ಷ ಚಿಕ್ಕವಳಾದ ನನ್ನ ತಂಗಿ ಅದೇ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸುವಾಗಲೂ ಆ ನಲ್ಲಿಯಲ್ಲಿ ನೀರಿರಲಿಲ್ಲ.

ಇದನ್ನು ಯಾರ ಮೇಲೂ ಸಿಟ್ಟಿಟ್ಟುಕೊಂಡು ಹೇಳುತ್ತಿಲ್ಲ. ಶಾಲೆಯಲ್ಲಿ ಪ್ರಜಾಪ್ರಭುತ್ವ ಅಂದರೆ ಏನು, ಏನಲ್ಲ ಎನ್ನುವುದು ಆ 'ಚರ್ಚಿಸಲಾಯಿತು' ಎಂಬ ಒಂದು ಪದದಲ್ಲೇ ಇದೆ. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮತಗಟ್ಟೆ ನಂಬರ್ 1: ಆರನೇ ತರಗತಿ ಕೊಠಡಿ

ಜೂನ್, ಜುಲೈ ಬಂತೆಂದರೆ ನಮ್ಮ ಶಾಲೆಗಳಲ್ಲಿ ಎಲೆಕ್ಷನ್ ಕಾಲ. ಸಮಾಜ ವಿಜ್ಞಾನದ ಮೇಷ್ಟ್ರೇ ಚುನಾವಣಾಧಿಕಾರಿ. ಅಧಿಸೂಚನೆ ಹೊರಡುತ್ತದೆ. ನಾಮಪತ್ರ ಸಲ್ಲಿಕೆ, ಪರಿಶೀಲನೆ, ವಾಪಸ್ ಪಡೆಯಲು ಒಂದು ದಿನ, ಚಿಹ್ನೆ ಹಂಚಿಕೆ, ಎರಡು ದಿನ ಪ್ರಚಾರ. ಒಬ್ಬನಿಗೆ ಪೆನ್ಸಿಲ್, ಇನ್ನೊಬ್ಬಳಿಗೆ ಮಾವಿನಹಣ್ಣು, ಮತ್ತೊಬ್ಬನಿಗೆ ಸೈಕಲ್ಲು. ಮಾವಿನಹಣ್ಣು ಸಿಕ್ಕವರಿಗೆ ಒಂದನೇ ಕ್ಲಾಸಿನ ಓಟೆಲ್ಲ ಪಕ್ಕಾ ಅಂತ ನಮ್ಮಲ್ಲೊಂದು ನಂಬಿಕೆಯಿತ್ತು.

ಮತದಾನದ ದಿನ ಮಕ್ಕಳು ಸಾಲಾಗಿ ಬರುತ್ತಾರೆ. ಮೊದಲ ಬೆಂಚಿನಲ್ಲಿ ಕೂತವಳು ಹಾಜರಿ ಪಟ್ಟಿಯಲ್ಲಿ ಹೆಸರು ಹುಡುಕಿ ಜೋರಾಗಿ ಓದುತ್ತಾಳೆ. ಎರಡನೇ ಬೆಂಚಿನವನು ಬೆರಳಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯುತ್ತಾನೆ. ಮೊದಲೆಲ್ಲ ಚೀಟಿ, ರಟ್ಟಿನ ಡಬ್ಬ. ಈಗ ಎಷ್ಟೋ ಶಾಲೆಗಳಲ್ಲಿ ಮೊಬೈಲಿನಲ್ಲೇ ಮತಯಂತ್ರದ ಆ್ಯಪ್ ಬಂದಿದೆ. ಒತ್ತಿದರೆ ಬೀಪ್ ಅನ್ನುತ್ತದೆ. ಆ ಬೀಪ್ ಕೇಳಿದ ಕೂಡಲೇ ಮೂರನೇ ಕ್ಲಾಸಿನವರ ಮುಖ ನೋಡಬೇಕು ನೀವು. ನಮ್ಮ ಮೇಷ್ಟ್ರುಗಳಿಗಂತೂ ವರ್ಷ ವರ್ಷ ಎಲೆಕ್ಷನ್ ಡ್ಯೂಟಿ ಮಾಡಿ, ಮತಯಂತ್ರ ಹಂಚುವ ಮಸ್ಟರಿಂಗ್ ಸೆಂಟರಿನಲ್ಲಿ ರಾತ್ರಿ ಕಳೆದು ಅಭ್ಯಾಸ. ಅದಕ್ಕೇ ಇಷ್ಟು ಅಚ್ಚುಕಟ್ಟು. ಎಣಿಕೆ ಮುಗಿಯುತ್ತದೆ, ಪ್ರಧಾನಿ, ಶಿಕ್ಷಣ ಮಂತ್ರಿ, ಆಹಾರ ಮಂತ್ರಿ, ಕ್ರೀಡಾ ಮಂತ್ರಿ, ಸ್ವಚ್ಛತಾ ಮಂತ್ರಿ ಎಲ್ಲ ಆಗುತ್ತಾರೆ. ಸೋತವರಲ್ಲಿ ಹೆಚ್ಚು ಓಟು ಪಡೆದವರು ವಿರೋಧ ಪಕ್ಷದ ನಾಯಕರು. ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ.

ಇಷ್ಟು ಚೆನ್ನಾಗಿಯೇ ನಡೆಯುತ್ತದೆ. ಚುನಾವಣೆಯ ಯಂತ್ರ ಹೇಗೆ ತಿರುಗುತ್ತದೆ ಎಂದು ಹತ್ತು ವರ್ಷದ ಮಗುವಿಗೆ ತಿಳಿಯುವುದು ಸಣ್ಣ ವಿಷಯವಲ್ಲ. ಗುಟ್ಟಾಗಿ ಓಟು ಹಾಕುವುದು, ಸೋತರೆ ಗೆದ್ದವನ ಕೈ ಕುಲುಕುವುದು, ಇವೆಲ್ಲ ದೊಡ್ಡವರಿಗೂ ಬೇಕಾದ ಪಾಠ.

ಆಗಸ್ಟ್‌ನಲ್ಲಿ ಹೋಗಿ ನೋಡಿ. ಪ್ರಧಾನಿ ಬೆಲ್ ಹೊಡೆಯುತ್ತಿರುತ್ತಾನೆ. ಶಿಕ್ಷಣ ಮಂತ್ರಿ ಸೀಮೆಸುಣ್ಣ ತರಲು ಹೋಗಿರುತ್ತಾಳೆ. ಗಲಾಟೆ ಮಾಡಿದವರ ಹೆಸರನ್ನು ಗೃಹಮಂತ್ರಿ ಬೋರ್ಡಿನ ಮೇಲೆ ಬರೆಯುತ್ತಿರುತ್ತಾನೆ. ಓಟು ಹಾಕಿದವರ ಮಾತನ್ನು ಮೇಲಕ್ಕೆ ಒಯ್ಯಬೇಕಾದವರು ಮೇಲಿನವರ ಆರ್ಡರನ್ನು ಕೆಳಗೆ ತರುತ್ತಿರುತ್ತಾರೆ. ಹಳೇ ಕಾಲದ ಕ್ಲಾಸ್ ಲೀಡರೇ ಇವರು, ಹೆಸರು ಮಾತ್ರ ಬದಲು. ಖಾಸಗಿ ಶಾಲೆಗಳ ಹೌಸ್ ಕ್ಯಾಪ್ಟನ್, ಹೆಡ್ ಬಾಯ್, ಹೆಡ್ ಗರ್ಲ್‌ಗಳ ಕಥೆಯೂ ಇದೇ. ಅಲ್ಲಿ ಎದೆಗೊಂದು ಹೊಳೆಯುವ ಬ್ಯಾಡ್ಜು ಜಾಸ್ತಿ, ಅಷ್ಟೇ.

ಎಂಟು ಮೆಟ್ಟಿಲ ಏಣಿ

ಮಕ್ಕಳು ಎಲ್ಲಿ ನಿಜವಾಗಿ ಪಾಲ್ಗೊಳ್ಳುತ್ತಿದ್ದಾರೆ, ಎಲ್ಲಿ ಸುಮ್ಮನೆ ನಿಂತಿದ್ದಾರೆ ಎಂದು ಗುರುತಿಸಲು ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗಾಗಿ ಒಂದು ಏಣಿಯ ಚಿತ್ರ ಕೊಟ್ಟರು. ಅದಕ್ಕೆ ಎಂಟು ಮೆಟ್ಟಿಲು. ದೊಡ್ಡವರ ವಿಷಯದಲ್ಲಿ ಇಂಥದ್ದೇ ಏಣಿಯೊಂದನ್ನು ಶೆರ್ರಿ ಆರ್ನ್‌ಸ್ಟೀನ್ 1969ರಲ್ಲೇ ಬರೆದಿದ್ದರು, ಹಾರ್ಟ್ ಅದನ್ನು ಮಕ್ಕಳಿಗೆ ಹೊಂದಿಸಿದರು.

ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಪಾಲ್ಗೊಳ್ಳುವಿಕೆ ಎಂದೇ ಒಪ್ಪುವುದಿಲ್ಲ. ಮೊದಲನೆಯದು, ಮಕ್ಕಳ ಬಾಯಲ್ಲಿ ದೊಡ್ಡವರ ಮಾತು. ಯಾವುದೋ ಜಾಥಾದಲ್ಲಿ ಅರ್ಥವಾಗದ ಘೋಷಣೆ ಕೂಗಿಸುವುದು ನೆನಪಿಸಿಕೊಳ್ಳಿ. ಎರಡನೆಯದು ಅಲಂಕಾರ. ಮಂತ್ರಿಗಳು ಬರುವ ದಿನ ಬಿಸಿಲಲ್ಲಿ ಎರಡು ಸಾಲು ನಿಲ್ಲಿಸಿ ಹೂ ಎರಚಿಸುವುದು. ಮೂರನೆಯದು ಹೆಸರಿಗಷ್ಟೇ. ಮಗುವಿಗೆ ಕುರ್ಚಿ, ಮೈಕು, ಹುದ್ದೆ ಎಲ್ಲ ಕೊಡುತ್ತಾರೆ, ಆದರೆ ಅದರ ಮಾತಿನಿಂದ ಏನೂ ಅಲುಗಾಡುವುದಿಲ್ಲ. ನನ್ನ ಆರೋಗ್ಯ ಖಾತೆ ಈ ಮೂರನೇ ಮೆಟ್ಟಿಲಿನದು.

ನಾಲ್ಕರಿಂದ ಮೇಲೆ ಅಸಲಿ ವ್ಯವಹಾರ. ಕೆಲಸ ದೊಡ್ಡವರೇ ಹಂಚಿದರೂ ಯಾಕೆ ಏನು ಅಂತ ಮಕ್ಕಳಿಗೆ ತಿಳಿಸಿರುತ್ತಾರೆ. ಆಮೇಲೆ ಅಭಿಪ್ರಾಯ ಕೇಳುತ್ತಾರೆ, ಅದಕ್ಕೇನಾಯಿತು ಅಂತಲೂ ಹೇಳುತ್ತಾರೆ. ಇನ್ನೂ ಮೇಲೆ ಹೋದರೆ ತೀರ್ಮಾನದಲ್ಲೇ ಮಕ್ಕಳಿಗೆ ಪಾಲು. ತುತ್ತ ತುದಿಯಲ್ಲಿ ಮಕ್ಕಳೇ ಎಲ್ಲ ನಡೆಸುತ್ತಾರೆ ಎಂದು ಹಲವರು ಅಂದುಕೊಂಡಿರುತ್ತಾರೆ. ಹಾಗಲ್ಲ. ಅದು ಏಳನೆಯದು. ಎಂಟನೆಯದರಲ್ಲಿ ಯೋಚನೆ ಮಕ್ಕಳದು, ತೀರ್ಮಾನ ಮಕ್ಕಳೂ ದೊಡ್ಡವರೂ ಸೇರಿ ಮಾಡಿದ್ದು. ಅಂದರೆ ಮೇಷ್ಟ್ರನ್ನು ಹೊರಗೆ ಕಳಿಸುವುದು ಗುರಿಯೇ ಅಲ್ಲ.

ಈ ಏಣಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಮಕ್ಕಳ ಹಕ್ಕುಗಳ ಪ್ರಾಧ್ಯಾಪಕಿಯಾದ ಲಾರಾ ಲಂಡಿ 2007ರಲ್ಲಿ ಮುಂದಿಟ್ಟ ನಾಲ್ಕು ಅಂಶಗಳು. ಮಗುವಿಗೆ ಮಾತಾಡಲು ಜಾಗ ಇದೆಯಾ? ಮಾತಾಡಲು ನೆರವು ಇದೆಯಾ? ಕೇಳಲೇಬೇಕಾದವರು ಎದುರಿಗೆ ಕೂತಿದ್ದಾರಾ? ಆ ಮಾತಿಗೆ ತಕ್ಕ ತೂಕ ಸಿಕ್ಕಿತಾ? ನಮ್ಮ ಶಾಲಾ ಸಂಸತ್ತು ಮೊದಲ ಎರಡನ್ನು ಒಂದು ಮಟ್ಟಿಗೆ ಕೊಡುತ್ತದೆ. ಮುಗ್ಗರಿಸುವುದು ಕೊನೆಯ ಎರಡರಲ್ಲಿ.

ದಯೆಯಲ್ಲ, ಕಾನೂನು

ಮಕ್ಕಳ ಮಾತು ಕೇಳುವುದು ಒಳ್ಳೇ ಮನಸ್ಸಿನ ಮೇಷ್ಟ್ರ ಔದಾರ್ಯ ಎಂದು ಅನೇಕರ ಭಾವನೆ. ಕಾನೂನು ಬೇರೆಯೇ ಹೇಳುತ್ತದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು 1989ರಲ್ಲಿ, ಭಾರತ ಅದನ್ನು ಒಪ್ಪಿದ್ದು 1992ರ ಡಿಸೆಂಬರ್‌ನಲ್ಲಿ. ಅದರ 12ನೇ ವಿಧಿಯ ಪ್ರಕಾರ ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಮಗುವಿನ ಹಕ್ಕು. ವಯಸ್ಸು, ತಿಳಿವಳಿಕೆ ನೋಡಿ ಆ ಮಾತಿಗೆ ಬೆಲೆ ಕೊಡಬೇಕು. ಮಗು ಹೇಳಿದ್ದೆಲ್ಲ ನಡೆಯಬೇಕು ಎಂದು ಅಲ್ಲಿ ಬರೆದಿಲ್ಲ. ಕೇಳಿ, ತೂಗಿ ನೋಡಬೇಕು ಎಂದಿದೆ.

ನಮ್ಮದೇ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಎಲ್ಲರೂ ಆರ್‌ಟಿಇ ಅನ್ನುವ 2009ರ ಕಾಯ್ದೆ, ಇನ್ನೂ ಒಂದು ಹೆಜ್ಜೆ ಮುಂದಿದೆ. ಅದರ 29ನೇ ಸೆಕ್ಷನ್ ಪಠ್ಯಕ್ರಮದ ಬಗ್ಗೆ. ಮಗುವನ್ನು ಭಯ, ಆತಂಕಗಳಿಂದ ಬಿಡಿಸಬೇಕು, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎಂಬ ಮಾತು ಇರುವುದು ಅಲ್ಲಿ. ಅದು ಎಲ್ಲಿದೆ ಎನ್ನುವುದನ್ನು ಗಮನಿಸಿ. ಸಾಂಸ್ಕೃತಿಕ ಕಾರ್ಯಕ್ರಮದ ಪಟ್ಟಿಯಲ್ಲಿಲ್ಲ, ಪಾಠ ಮತ್ತು ಮೌಲ್ಯಮಾಪನದ ನಡುವೆಯೇ ಇದೆ. ಗಣಿತದಷ್ಟೇ ಇದೂ ಶಾಲೆಯ ಕೆಲಸ.

ಇನ್ನು ಎಸ್‌ಡಿಎಂಸಿ. ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಲ್ಲೇ ಶುರುವಾದವು, ಆರ್‌ಟಿಇಗಿಂತ ಎಷ್ಟೋ ಮೊದಲು. ಆಮೇಲೆ ಬಂದ ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಎಂದಿತು. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಮಾತ್ರ ಈ ನಿಯಮ ಇಲ್ಲ. ಮಕ್ಕಳಿಗೆ ಸಮಿತಿಯಲ್ಲಿ ಕುರ್ಚಿ ಇದೆಯಾ? ಕೇಂದ್ರದ 2010ರ ಮಾದರಿ ನಿಯಮದಲ್ಲಿ ಒಂದು ಸಣ್ಣ ಪಾಲನ್ನು 'ಸ್ಥಳೀಯ ಶಿಕ್ಷಣ ತಜ್ಞರು ಅಥವಾ ಶಾಲೆಯ ಮಕ್ಕಳಿಗೆ' ಬಿಟ್ಟಿದ್ದಾರೆ. ಆ 'ಅಥವಾ' ಇದೆಯಲ್ಲ, ಅದರಲ್ಲೇ ಮಕ್ಕಳು ಜಾರಿ ಹೋಗುವುದು.

ಊರ ಮುಂದೆ ಮೈಕು ಹಿಡಿದಾಗ

ಕರ್ನಾಟಕದ ಮಟ್ಟಿಗೆ ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಒಂದು ವ್ಯವಸ್ಥೆ ಇದೆ, ಮಕ್ಕಳ ಗ್ರಾಮಸಭೆ. ಅದರ ಬೇರು ಕುಂದಾಪುರದ ಕಡೆ ಇದೆ. ದುಡಿಯುವ ಮಕ್ಕಳ ಪರ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಸಿಡಬ್ಲ್ಯುಸಿ (ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್) ಎಂಬ ಸಂಸ್ಥೆಯ ಬೆಂಬಲದಿಂದ ಆ ಮಕ್ಕಳೇ 1990ರಲ್ಲಿ ಭೀಮ ಸಂಘ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. 1990ರ ದಶಕದ ನಡುವಿನಲ್ಲಿ ಕೆಲವು ಊರುಗಳಲ್ಲಿ ಮಕ್ಕಳ ಪಂಚಾಯತಿಗಳು ಶುರುವಾದವು. ಮಕ್ಕಳೇ ಆರಿಸಿದ ಮಕ್ಕಳು, ಎದುರಿಗೆ ನಿಜವಾದ ಪಂಚಾಯತಿ ಸದಸ್ಯರು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲಾ ಗ್ರಾಮ ಪಂಚಾಯತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಆದೇಶ ಹೊರಡಿಸಿತು. ರಾಜ್ಯದಲ್ಲಿ ಈಗ ಸುಮಾರು 6000 ಗ್ರಾಮ ಪಂಚಾಯತಿಗಳಿವೆ. ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನದ ನಂತರ ಈ ಸಭೆಗಳು ಒಂದೊಂದಾಗಿ ನಡೆಯುತ್ತವೆ.

ಇದು ಶಾಲಾ ಸಂಸತ್ತಿಗಿಂತ ಬೇರೆ. ಅಲ್ಲಿ ಮಕ್ಕಳು ಸರ್ಕಾರದ ಪಾತ್ರ ಮಾಡುತ್ತಾರೆ. ಇಲ್ಲಿ ಮಕ್ಕಳು ಮಕ್ಕಳಾಗಿಯೇ ಬಂದು ನಿಜವಾದ ಸರ್ಕಾರವನ್ನು ಪ್ರಶ್ನೆ ಕೇಳುತ್ತಾರೆ. ಅಧ್ಯಕ್ಷರು, ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಸದಸ್ಯರು, ಆರೋಗ್ಯ ಇಲಾಖೆಯವರು, ಅಂಗನವಾಡಿ ಮೇಲ್ವಿಚಾರಕಿ ಎಲ್ಲ ವೇದಿಕೆಯ ಮೇಲೆ.

ಇಂಥ ಸಭೆಯ ಮೊದಲ ಗಂಟೆ ಸಹಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಪ್ರಾರ್ಥನೆ, ಸ್ವಾಗತ, ಸಸಿಗೆ ನೀರು, ಗಣ್ಯರ ಮಾತು. 'ಇಂದಿನ ಮಕ್ಕಳೇ ಮುಂದಿನ ಪ್ರಜೆಗಳು' ಎಂಬ ಮಾತು ಕನಿಷ್ಠ ಮೂರು ಸಲ ಬರುತ್ತದೆ. (ಇಂದಿನ ಮಕ್ಕಳು ಇಂದೇ ಪ್ರಜೆಗಳು. ಓಟು ಮಾತ್ರ ಮುಂದಿನದು.) ಆಮೇಲೆ ಮೈಕು ಕೆಳಗೆ ಬರುತ್ತದೆ. ಮೊದಲ ಮಗು ಬರೆದುಕೊಂಡು ಬಂದದ್ದನ್ನು ಓದುತ್ತದೆ, ಮೇಷ್ಟ್ರು ತಿದ್ದಿದ ಭಾಷೆ ಅಂತ ಗೊತ್ತಾಗುತ್ತದೆ. ನಾಲ್ಕನೆಯದೋ ಐದನೆಯದೋ ಮಗು ಚೀಟಿ ಬಿಟ್ಟು ಮಾತಾಡುತ್ತದೆ. ಸಭೆ ನಿಜವಾಗಿ ಶುರುವಾಗುವುದು ಆಗ.

'ಶಾಲೆ ಬಿಡೋದು ನಾಲ್ಕೂ ಕಾಲಿಗೆ, ಬಸ್ಸು ಬರೋದು ಆರು ಗಂಟೆಗೆ. ಅಲ್ಲೀತನಕ ಸ್ಟಾಪಲ್ಲಿ ನಾವು ಹುಡುಗೀರು ಮಾತ್ರ ಇರ್ತೀವಿ.' 'ಶಾಲೆ ಪಕ್ಕದ ಅಂಗಡೀಲಿ ಗುಟ್ಕಾ ಮಾರ್ತಾರೆ, ಸಂಜೆ ಎಣ್ಣೇನೂ ಮಾರ್ತಾರೆ.' ಹೀಗೆ ಬರುತ್ತವೆ ಪ್ರಶ್ನೆಗಳು. ಎಣ್ಣೆ ಅಂದಾಗ ವೇದಿಕೆಯ ಮೇಲೆ ಯಾರೋ ಒಬ್ಬರು ಕೆಮ್ಮುತ್ತಾರೆ. ಇಂಥ ಸಂಗತಿ ಯಾವ ಸಮೀಕ್ಷೆಗೂ ಸುಲಭಕ್ಕೆ ಸಿಗುವುದಿಲ್ಲ. ಕರಾವಳಿ, ಮಲೆನಾಡಿನ ಕಾಲುಸಂಕಗಳನ್ನೇ ನೋಡಿ. ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ ಮಳೆಗಾಲದಲ್ಲಿ ಎಷ್ಟು ಜಾರುತ್ತದೆ ಎಂದು ದಿನಾ ಬ್ಯಾಗು ಹೊತ್ತು ದಾಟುವವರಿಗೇ ಗೊತ್ತು. ಜೀಪಿನಲ್ಲಿ ಬೇಸಿಗೆಯಲ್ಲಿ ಬಂದು ನೋಡುವ ಇಂಜಿನಿಯರಿಗೆ ಅದೊಂದು ಒಣ ಹಳ್ಳ. ಕುಂದಾಪುರದ ಕಡೆಯ ಮಕ್ಕಳು ಆಗಲೇ ಒಂದು ಜಾಣತನ ಕಲಿತಿದ್ದರು. ಅವರು ತಾವೇ ಊರು ಸುತ್ತಿ ಸಮೀಕ್ಷೆ ಮಾಡುತ್ತಿದ್ದರು. 'ಸಂಕ ಬೇಕು' ಅನ್ನುವುದು ಬೇಡಿಕೆ. 'ಈ ಹಳ್ಳ ದಾಟಿ ಇಷ್ಟು ಮಕ್ಕಳು ಶಾಲೆಗೆ ಬರುತ್ತೇವೆ, ಜೂನ್‌ನಿಂದ ಇಷ್ಟು ದಿನ ಬರಲು ಆಗಲಿಲ್ಲ' ಅನ್ನುವುದು ಲೆಕ್ಕ. ಲೆಕ್ಕಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ.

ಸರಿ, ಪ್ರಶ್ನೆ ಕೇಳಿದ ಮೇಲೆ? ಸೂಕ್ಷ್ಮ ಇರುವುದು ಇಲ್ಲೇ. ಮಕ್ಕಳು ಕೇಳುವುದರಲ್ಲಿ ಕೆಲವು ಪಂಚಾಯತಿಯ ಕೈಯಲ್ಲೇ ಇರುತ್ತವೆ: ಬೀದಿದೀಪ, ಕುಡಿಯುವ ನೀರು, ಚರಂಡಿ, ಗ್ರಂಥಾಲಯ. ನರೇಗಾ ದುಡ್ಡಿನಲ್ಲಿ ಕಟ್ಟಿಸಿದ ಶಾಲಾ ಕಾಂಪೌಂಡುಗಳನ್ನು ಎಷ್ಟೋ ಊರುಗಳಲ್ಲಿ ನೋಡಬಹುದು. ಬಸ್ಸಿನ ಟೈಮು, ಮೇಷ್ಟ್ರ ಖಾಲಿ ಹುದ್ದೆ, ಅಕ್ರಮ ಮದ್ಯ ಇವು ಬೇರೆ ಇಲಾಖೆಗಳವು. ಪಂಚಾಯತಿ ಅವಕ್ಕೆ ಪತ್ರ ಬರೆದು ಬೆನ್ನು ಹತ್ತಬೇಕು. ಇನ್ನು ಕೆಲವು ಈ ವರ್ಷ ಆಗುವುದೇ ಇಲ್ಲ. ಮೂರಕ್ಕೂ ಉತ್ತರ ಇದೆ, ಮೂರನ್ನೂ ಮಕ್ಕಳಿಗೆ ಹೇಳಬಹುದು. ಹಾಗೆ ಹೇಳುವ ಕಾಗದಕ್ಕೆ ಸರ್ಕಾರಿ ಕನ್ನಡದಲ್ಲಿ ಒಂದು ಚೆಂದದ ಹೆಸರಿದೆ, ಅನುಪಾಲನಾ ವರದಿ. ಹೋದ ಸಭೆಯಲ್ಲಿ ಕೇಳಿದ್ದಕ್ಕೆ ಏನು ಮಾಡಿದೆವು ಎಂಬ ಪಟ್ಟಿ ಅದು. ಮುಂದಿನ ಸಭೆ ಅದನ್ನು ಓದುವುದರಿಂದ ಶುರುವಾಗಬೇಕು.

ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಈ ವರದಿ. ಮತಪೆಟ್ಟಿಗೆ, ಮೊಬೈಲ್ ಮತಯಂತ್ರ, ಪ್ರಮಾಣವಚನ ಇವೆಲ್ಲ ಇಲ್ಲದೆಯೂ ಒಂದು ಶಾಲೆ ಪ್ರಜಾಪ್ರಭುತ್ವದಂತೆ ನಡೆಯಬಹುದು. ಹೋದ ತಿಂಗಳು ನೀವು ಹೇಳಿದ್ದಕ್ಕೆ ಹೀಗಾಯಿತು, ಇದು ಆಗಲಿಲ್ಲ, ಯಾಕೆಂದರೆ ಹೀಗೆ ಅಂತ ತಿರುಗಿ ಬಂದು ಹೇಳುವ ಅಭ್ಯಾಸ ಇಲ್ಲದಿದ್ದರೆ ಮಾತ್ರ ನಡೆಯಲಾರದು. ಹೇಳಿದ್ದು ಗಾಳಿಗೆ ಹೋಗುತ್ತದೆ ಎಂದು ಮಗು ಎರಡೇ ಸಭೆಯಲ್ಲಿ ಕಲಿಯುತ್ತದೆ. ಮೂರನೇ ಸಭೆಯಲ್ಲಿ ಮಾತಾಡುವುದಿಲ್ಲ. ಆಗ ನಾವು 'ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲ' ಅನ್ನುತ್ತೇವೆ.

ಕೋರ್ಟ್ ಹಾಲಿನಲ್ಲಿ ಶಾಲಾ ಸಭೆ

ಹೊರಗಿನ ಎರಡು ಕಥೆ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಸಮ್ಮರ್‌ಹಿಲ್ ಎಂಬ ವಸತಿ ಶಾಲೆ ಇದೆ. ಎ.ಎಸ್. ನೀಲ್ 1921ರಲ್ಲಿ ಶುರುಮಾಡಿದ್ದು. ಅಲ್ಲಿ ಶಾಲಾ ಸಭೆಯೇ ನಿಯಮ ಮಾಡುತ್ತದೆ. ಸಣ್ಣ ಮಗುವಿಗೂ ಒಂದು ಓಟು, ಹೆಡ್‌ಮಾಸ್ಟ್ರಿಗೂ ಒಂದೇ ಓಟು. ಕ್ಲಾಸಿಗೆ ಹೋಗುವುದು, ಬಿಡುವುದು ಮಗುವಿನ ಇಷ್ಟ. (ಇದನ್ನು ನಮ್ಮಲ್ಲಿ ಹೇಳಿದರೆ ಪೋಷಕರು ಟಿಸಿ ಕೇಳುತ್ತಾರೆ.) ಆದರೆ ಅಲ್ಲೂ ಎಲ್ಲವೂ ಓಟಿಗೆ ಬರುವುದಿಲ್ಲ. ಮೇಷ್ಟ್ರ ನೇಮಕ, ಸುರಕ್ಷತೆಯಂಥವು ದೊಡ್ಡವರ ಕೈಯಲ್ಲೇ ಇವೆ. ಈ ಗೆರೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಅಷ್ಟೇ.

1999ರಲ್ಲಿ ಸರ್ಕಾರದ ತಪಾಸಣೆಯವರು ಈ ಶಾಲೆಯ ರೀತಿ ಸರಿಯಿಲ್ಲ ಎಂದರು. ಶಾಲೆ ಕೋರ್ಟಿಗೆ ಹೋಯಿತು. 2000ನೇ ಇಸವಿಯ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ನಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರದ ಕಡೆಯವರು ರಾಜಿಗೆ ಬಂದರು. ಒಪ್ಪುವುದೋ ಬೇಡವೋ? ಅದನ್ನು ಶಾಲಾ ಸಭೆಯೇ ತೀರ್ಮಾನಿಸಬೇಕಲ್ಲ. ಮಕ್ಕಳು ಅದೇ ಕೋರ್ಟ್ ಹಾಲಿನಲ್ಲಿ ಕೂತು ಸಭೆ ನಡೆಸಿದರು, ಚರ್ಚೆ ಮಾಡಿದರು, ಓಟು ಹಾಕಿದರು, ರಾಜಿ ಒಪ್ಪಿದರು.

ಇನ್ನೊಂದು ಇನ್ನೂ ಹಳೆಯದು. ಯಾನುಷ್ ಕೊರ್ಚಾಕ್ ಎಂಬ ಮಕ್ಕಳ ಡಾಕ್ಟರು 1912ರಿಂದ ಪೋಲೆಂಡಿನ ವಾರ್ಸಾದಲ್ಲಿ ಅನಾಥಾಲಯ ನಡೆಸುತ್ತಿದ್ದರು. ಅಲ್ಲಿ ಮಕ್ಕಳದೇ ನ್ಯಾಯಾಲಯ. ಆ ವಾರ ಯಾರ ಮೇಲೆ ದೂರಿಲ್ಲವೋ ಅವರಲ್ಲಿ ಚೀಟಿ ಎತ್ತಿ ನ್ಯಾಯಾಧೀಶರನ್ನು ಆರಿಸುತ್ತಿದ್ದರು. ಮಕ್ಕಳು ಮೇಷ್ಟ್ರ ಮೇಲೂ ದೂರು ಕೊಡಬಹುದಿತ್ತು. ಕೊರ್ಚಾಕ್ ತಾವೇ ಹಲವು ಸಲ ಕಟಕಟೆಯಲ್ಲಿ ನಿಂತಿದ್ದರು. ಅವರ ದಂಡಸಂಹಿತೆಯಲ್ಲಿ ಮೊದಲ 99 ಕಲಮುಗಳೂ ಕ್ಷಮಿಸಿ ಬಿಡುವಂಥವು. ಕ್ಷಮೆಯಿಲ್ಲದ ತೀರ್ಪು ನೂರರಿಂದ ಮಾತ್ರ ಶುರು. 1942ರಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಸಾಗಿಸಿದಾಗ ಕೊರ್ಚಾಕ್ ಮಕ್ಕಳನ್ನು ಬಿಟ್ಟುಹೋಗಲಿಲ್ಲ, ಜೊತೆಗೇ ಹೋದರು.

ನನಗೆ ಇಲ್ಲಿ ಇಷ್ಟವಾದದ್ದು ಚೀಟಿ ಎತ್ತುವ ಪದ್ಧತಿ. ಯಾಕೆ ಅಂತ ಈಗ ಹೇಳುತ್ತೇನೆ.

ಬಹುಮತ ಅಂದರೆ ಮುಗಿಯಿತಾ?

ಶಾಲಾ ಎಲೆಕ್ಷನ್ನಿನಲ್ಲಿ ಯಾರು ಗೆಲ್ಲುತ್ತಾರೆ ನೋಡಿ. ಚೆನ್ನಾಗಿ ಭಾಷಣ ಮಾಡುವವರು, ಮುಂದಿನ ಬೆಂಚಿನವರು, ಎಸ್‌ಡಿಎಂಸಿ ಅಧ್ಯಕ್ಷರ ಮಗ. ತೊದಲುವ ಹುಡುಗ, ಕೂಲಿಗೆ ಬಂದು ನಡುವೆ ಶಾಲೆ ಸೇರಿದ ಹುಡುಗಿ ನಾಮಪತ್ರವನ್ನೇ ಹಾಕುವುದಿಲ್ಲ. ಊರಿನ ಜಾತಿ, ಜಮೀನು, ದುಡ್ಡು ಎಲ್ಲ ಗೇಟು ದಾಟಿ ಒಳಗೆ ಬಂದಿರುತ್ತವೆ. ಎಲ್ಲಾ ಖಾತೆಗಳಲ್ಲಿ ಸ್ವಚ್ಛತಾ ಖಾತೆಯ ಮೇಲೆ ನನಗೆ ಅನುಮಾನ ಜಾಸ್ತಿ. ಮಂತ್ರಿ ಯಾರೇ ಇರಲಿ, ಪೊರಕೆ ಯಾರ ಕೈಯಲ್ಲಿದೆ? ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣ ಬೆಳಕಿಗೆ ಬಂದದ್ದು 2023ರ ಡಿಸೆಂಬರ್‌ನಲ್ಲಿ, ಬಹಳ ಹಿಂದೇನಲ್ಲ.

ಮೈದಾನದ ಉದಾಹರಣೆ ಸಣ್ಣದು, ಆದರೆ ಸ್ಪಷ್ಟ. ಆಟದ ಪೀರಿಯಡ್ಡಿನಲ್ಲಿ ಏನಾಡಬೇಕು ಅಂತ ಓಟು ಹಾಕಿಸಿದರೆ ವರ್ಷವಿಡೀ ಕ್ರಿಕೆಟ್ಟೇ ಗೆಲ್ಲುತ್ತದೆ. ಹುಡುಗಿಯರು ಬೇಲಿ ಪಕ್ಕ ಕೂತು ನೋಡುತ್ತಾರೆ. ಓಟು ನ್ಯಾಯವಾಗಿಯೇ ಆಯಿತು, ಫಲ ಮಾತ್ರ ನ್ಯಾಯವಲ್ಲ. ಪ್ರಜಾಪ್ರಭುತ್ವ ಅಂದರೆ ಬಹುಮತ ಅಷ್ಟೇ ಅಲ್ಲ, ಕಡಿಮೆ ಓಟಿನವರ ಪಾಲನ್ನೂ ಕಾಯುವ ನಿಯಮ ಎಂದು ಪಾಠ ಮಾಡಲು ಇದಕ್ಕಿಂತ ಒಳ್ಳೇ ಅವಕಾಶ ಸಿಗುವುದಿಲ್ಲ. ಮಂಗಳವಾರ, ಗುರುವಾರ ಮೈದಾನ ಹುಡುಗಿಯರದು ಅಂತ ಮಾಡಿದರೆ ಮೂಲಭೂತ ಹಕ್ಕಿನ ಅಧ್ಯಾಯ ಅರ್ಧ ಮುಗಿದಂತೆ. ಹಾಗೇ, ಮಂತ್ರಿಮಂಡಲದ ಅರ್ಧ ಕುರ್ಚಿಗಳನ್ನು ಚೀಟಿ ಎತ್ತಿ ತುಂಬಿದರೆ? ನಾಮಪತ್ರ ಹಾಕಲು ಹೆದರುವ ಮಗುವಿಗೂ ಒಂದು ವರ್ಷ ಮಾತಾಡುವ ಹಕ್ಕು ತಾನಾಗಿ ಬರುತ್ತದೆ. ನಾನಂತೂ ಇದರ ಪರ.

ಕಾಗದದ ಮೇಲಿಲ್ಲದ ಜಾಗದಲ್ಲೂ ಮಕ್ಕಳು ಮಾತಾಡುತ್ತಾರೆ ಎನ್ನುವುದನ್ನು ಮರೆಯಬಾರದು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಸ್ವಾಮೀಜಿಗಳು ವಿರೋಧಿಸಿದರು. ಕೊಪ್ಪಳ ಜಿಲ್ಲೆಯಲ್ಲಿ ಶಾಲಾ ಹುಡುಗಿಯರು ಬೀದಿಗೆ ಬಂದು, ಮೊಟ್ಟೆ ನಮಗೆ ಬೇಕು ಎಂದು ಖಡಾಖಂಡಿತವಾಗಿ ಹೇಳಿದರು. ತಟ್ಟೆ ಯಾರದೋ, ಮಾತೂ ಅವರದೇ. ಮುಂದಿನ ವರ್ಷ ಯೋಜನೆ ಎಲ್ಲಾ ಜಿಲ್ಲೆಗೂ ಬಂತು. ಅದು ಬರೀ ಆ ಹುಡುಗಿಯರಿಂದಾಯಿತು ಎಂದರೆ ತಪ್ಪಾಗುತ್ತದೆ. ತಿನ್ನುವವರನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಿದ್ದ ಒಂದು ಚರ್ಚೆಗೆ ಅವರು ಬಂದರು, ಅದು ನಿಜ.

ಇನ್ನೊಂದು ವಿಚಿತ್ರ ನೋಡಿ. ದೇಶದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋಯಿತು. ಗಲಾಟೆ, ಹೊಡೆದಾಟ ಆಗುತ್ತಿದ್ದವು, ಕಾರಣ ಇರಲಿಲ್ಲ ಅಂತಲ್ಲ. ಆದರೆ ಮೂರನೇ ಕ್ಲಾಸಿನಲ್ಲಿ ಬೀಪ್ ಒತ್ತಿದ ಮಗು, ವಿಧಾನಸಭೆಗೆ ಓಟು ಹಾಕುವ ವಯಸ್ಸಿಗೆ ಬಂದಾಗ ತನ್ನದೇ ಕಾಲೇಜಿನಲ್ಲಿ ಓಟು ಹಾಕುವಂತಿಲ್ಲ. ಇದನ್ನು ಯಾವ ಪಾಠದಲ್ಲಿ ಸೇರಿಸೋಣ?

ಎರಡೂವರೆ ಸಾವಿರ ರೂಪಾಯಿ

ಮೇಷ್ಟ್ರುಗಳ ಕಷ್ಟವನ್ನೂ ಹೇಳಬೇಕು. ಹಾಲು, ಮೊಟ್ಟೆ, ಬಾಳೆಹಣ್ಣಿನ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ಎಂಟ್ರಿ, ಗಣತಿ, ಎಲೆಕ್ಷನ್ ಡ್ಯೂಟಿ. ಎಷ್ಟೋ ಶಾಲೆಗಳಲ್ಲಿ ಇರುವುದೇ ಒಬ್ಬರು, ಇಬ್ಬರು. 'ಮಕ್ಕಳ ಮಾತು ಕೇಳಿ' ಎಂದರೆ ಅವರಿಗೆ ಅದು ಇನ್ನೊಂದು ರಿಜಿಸ್ಟರ್. ಮೇಷ್ಟ್ರ ಮಾತನ್ನೇ ಮೇಲಿನವರು ಕೇಳದ ಕಡೆ ಮಕ್ಕಳ ಮಾತು ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ಶಿಸ್ತು ಹಾಳಾಗುತ್ತದೆ ಎಂಬ ವಾದಕ್ಕಿಂತ ಈ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹಾಗಾಗಿ ದೊಡ್ಡ ಯೋಜನೆ ಬೇಡ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗೆ ವರ್ಷಕ್ಕೊಂದು ಶಾಲಾ ಅನುದಾನ ಬರುತ್ತದೆ, ಮಕ್ಕಳ ಸಂಖ್ಯೆ ನೋಡಿ 10,000ದಿಂದ ಒಂದು ಲಕ್ಷ ರೂಪಾಯಿವರೆಗೆ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಬಳಸಬೇಕು ಎಂಬ ನಿಯಮ ಈಗಾಗಲೇ ಇದೆ. 25,000 ಬರುವ ಶಾಲೆಯಲ್ಲಿ ಅದು 2,500 ರೂಪಾಯಿ. ಈ ದುಡ್ಡನ್ನು ಯಾವುದಕ್ಕೆ ಖರ್ಚು ಮಾಡೋಣ ಅಂತ ಮಕ್ಕಳನ್ನೇ ಕೇಳಿ. ಸೋಪು ಎಷ್ಟು, ನಲ್ಲಿಯ ವಾಷರ್ ಎಷ್ಟು, ಪ್ಲಂಬರ್ ಕೂಲಿ ಎಷ್ಟು ಅಂತ ಅವರೇ ಅಂಗಡಿಗೆ ಹೋಗಿ ಕೇಳಿಕೊಂಡು ಬರಲಿ. ದುಡ್ಡು ಸಾಲದು ಎಂದು ಗೊತ್ತಾದಾಗ ಯಾವುದನ್ನು ಬಿಡುವುದು ಎಂದು ಜಗಳವಾಡಲಿ. ಬಜೆಟ್ ಅಂದರೆ ಏನು ಎಂದು ಆ ಜಗಳದಲ್ಲಿ ತಿಳಿದಷ್ಟು ಪುಸ್ತಕದಲ್ಲಿ ತಿಳಿಯುವುದಿಲ್ಲ. ಕೊನೆಗೆ ಬಿಲ್ಲನ್ನು ಗೋಡೆಗೆ ಅಂಟಿಸಿ.

ಗೋಡೆಯಲ್ಲಿ ಇನ್ನೊಂದು ಹಾಳೆಗೂ ಜಾಗ ಇರಲಿ. ಮೂರೇ ಕಾಲಂ: ನಾವು ಕೇಳಿದ್ದು, ಯಾರು ನೋಡಬೇಕು, ಏನಾಯಿತು. 'ಆಗಲಿಲ್ಲ, ಮೋಟರ್ ಸುಟ್ಟಿದೆ, ಪಂಚಾಯತಿಗೆ ಬರೆದಿದ್ದೇವೆ' ಎನ್ನುವುದೂ ಒಂದು ಉತ್ತರವೇ. ನನಗೆ ಏಳನೇ ಕ್ಲಾಸಿನಲ್ಲಿ ಯಾರಾದರೂ ಅಷ್ಟು ಹೇಳಿದ್ದರೂ ಸಾಕಿತ್ತು.

ಈ ವರ್ಷ ನನ್ನ ಮಗಳು ಅವಳ ಶಾಲೆಯಲ್ಲಿ ಪ್ರಧಾನಿ ಸ್ಥಾನಕ್ಕೆ ನಿಂತು ಹನ್ನೊಂದು ಓಟಿನಿಂದ ಸೋತಳು. ವಿರೋಧ ಪಕ್ಷದ ನಾಯಕಿ ಮಾಡಿದ್ದಾರೆ. 'ಏನು ಮಾಡಬೇಕು ಅಂತ ಯಾರೂ ಹೇಳ್ಲಿಲ್ಲ ಅಮ್ಮ' ಅಂದಳು. ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಮೂರು ಕಾಲಂ ಹಾಕುವುದನ್ನು ತೋರಿಸಿಕೊಟ್ಟೆ. ನಿನ್ನೆ ಬ್ಯಾಗು ತೆಗೆದಿಡುವಾಗ ನೋಡಿದರೆ ಮೊದಲ ಸಾಲು ತುಂಬಿದೆ. ಬೆಲ್ ಹೊಡೆಯೋದು ಯಾವಾಗಲೂ ಹುಡುಗರೇ ಯಾಕೆ? ಹೆಡ್‌ಮಿಸ್. ಮೂರನೇ ಕಾಲಂನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದಾಳೆ: ಬುಧವಾರ ಹೇಳ್ತೀನಿ ಅಂದ್ರು, ಗುರುವಾರ ಮತ್ತೆ ಕೇಳಬೇಕು.